ತಾಣ ಕಟ್ಟಿದ್ದು ಯಾವುದರಿಂದ?

ಹಳೆಯ ಕನ್ನಡ ಪುಸ್ತಕವನ್ನು ಕೈಗೆತ್ತಿಕೊಂಡಾಗ ಪ್ರಕಾಶಕರ, ಮುದ್ರಕರ ಹೆಸರನ್ನು ಮೊದಲು ನೋಡುವುದು ನನ್ನ ಅಭ್ಯಾಸ. 1894ರ ಕಿಟೆಲ್ಲರ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ನಿನದೆಂದು ಅದರ ಮೊದಲ ಪುಟವೇ ಹೇಳುತ್ತದೆ. ಅಂತರ್ಜಾಲ ತಾಣಗಳಿಗೂ ಅಂಥದೊಂದು ಪುಟವಿರಬೇಕೆಂಬುದು ನನ್ನ ಅಭಿಪ್ರಾಯ.

ದಂಡಿನ ಶಿವಾಜಿನಗರದಿಂದ ಹಲಸೂರು, ಕೃಷ್ಣರಾಜಪುರದವರೆಗೆ ಎಷ್ಟೋ ಶಾಲೆಗಳು, ದೇವಸ್ಥಾನ ಸಮಿತಿಗಳು, ಕನ್ನಡ ಸಂಘಗಳು ತಾಣ ಮಾಡಿಸಿಕೊಂಡಿವೆ. ಕಟ್ಟಿಕೊಟ್ಟವನು ಸದಸ್ಯರೊಬ್ಬರ ಮಗನೋ ಅಳಿಯನೋ ಆಗಿರುತ್ತಾನೆ. ಅವನು ಪರದೇಶಕ್ಕೆ ಹೋದ ಮೇಲೆ ಒಂದು ಚಿತ್ರ ಬದಲಾಯಿಸುವುದಕ್ಕೂ ದಿಕ್ಕಿಲ್ಲ. ನಾನು ಬಲ್ಲ ಸಂಘವೊಂದರಲ್ಲಿ ದುರಸ್ತಿಗೆ ಬಂದವರು ಹಳೆಯ ತಂತ್ರಾಂಶ ಯಾವುದೆಂದು ವಿಚಾರಿಸದೆ ಎಲ್ಲವನ್ನೂ ಹೊಸದಾಗಿ ಮಾಡಿದರು; ಹಲವು ವರ್ಷಗಳ ರಾಜ್ಯೋತ್ಸವದ ವರದಿಗಳು ಅಳಿದುಹೋದವು.

ತಂತ್ರಾಂಶವನ್ನು ಗುರುತಿಸುವುದು ಮಂತ್ರವಿದ್ಯೆಯಲ್ಲ. ಗಣಕದಲ್ಲಿ ಪುಟವನ್ನು ತೆರೆದು ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದರ ಮೂಲಪಠ್ಯ ಕಾಣುತ್ತದೆ. ಅಲ್ಲಿ ‘ಜನರೇಟರ್’ ಎಂಬ ಇಂಗ್ಲಿಷ್ ಪದವನ್ನು ಹುಡುಕಿ. ಪಕ್ಕದಲ್ಲಿ ವರ್ಡ್‌ಪ್ರೆಸ್, ಜೂಮ್ಲಾ, ಡ್ರುಪಾಲ್ ಎಂದಿರುವುದುಂಟು. ಅದಿಲ್ಲದಿದ್ದರೂ ಚಿತ್ರಗಳ ವಿಳಾಸದಲ್ಲಿ ‘ಡಬ್ಲ್ಯುಪಿ-ಕಂಟೆಂಟ್’ ಎಂದಿದ್ದರೆ ಅದು 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಎಂದು ತಿಳಿಯಬಹುದು. ಬಿಲ್ಟ್‌ವಿತ್, ವ್ಯಾಪಲೈಸರ್ ಎಂಬ ಸಲಕರಣೆಗಳು ಇಂಥ ಕುರುಹುಗಳನ್ನೇ ಕೂಡಿಸಿ ಉತ್ತರ ಕೊಡುತ್ತವೆ. ಕನ್ನಡ ವಿಕಿಪೀಡಿಯವಂತೂ ತಾನು ಮೀಡಿಯಾವಿಕಿಯಿಂದ ನಡೆಯುತ್ತಿರುವುದನ್ನು ಪುಟದ ಅಡಿಯಲ್ಲೇ ಹೇಳಿಕೊಳ್ಳುತ್ತದೆ. ಇದೇ ಮಾದರಿ.

ಹಳೆಯ ಕನ್ನಡ ತಾಣಗಳಲ್ಲಿ ಇನ್ನೊಂದು ಕುರುಹು ಸಿಗುತ್ತದೆ. ಕನ್ನಡವಿರಬೇಕಾದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಂಡರೆ ಗಾಬರಿ ಬೇಡ. ಮೂಲಪಠ್ಯದಲ್ಲಿ ಅಕ್ಷರಶೈಲಿಯ ಹೆಸರು ‘ಬಿಆರ್‌ಎಚ್ ಕನ್ನಡ’ ಎಂದೋ ‘ನುಡಿ’ ಎಂದೋ ಇದ್ದರೆ, ಅದು ಯೂನಿಕೋಡ್ ಬಳಕೆಗೆ ಬರುವ ಮುನ್ನ ಬರಹ, ನುಡಿಗಳ ಪದ್ಧತಿಯಲ್ಲಿ ಬೆರಳಚ್ಚಾದದ್ದು. ಗುರುತಿಸಿದರೆ ಯೂನಿಕೋಡಿಗೆ ಪರಿವರ್ತಿಸಿ ಓದಬಹುದು. ಗುರುತಿಸದಿದ್ದರೆ ಕಸವೆಂದು ಅಳಿಸಿಬಿಡುತ್ತೇವೆ.

ಹೆಸರು ಹೇಳಿದರೆ ಕನ್ನ ಹಾಕುವವರಿಗೆ ದಾರಿ ತೋರಿಸಿದಂತಾಗುತ್ತದೆಯಲ್ಲವೇ ಸಾರ್, ಎಂದು ಇಂದಿರಾನಗರದಲ್ಲಿ ಕಂಪನಿ ನಡೆಸುವ ಶಿಷ್ಯರೊಬ್ಬರು ಕೇಳಿದರು. ಮಾತಿನಲ್ಲಿ ಸತ್ಯವಿದೆ. ಆವೃತ್ತಿಯ ಸಂಖ್ಯೆಯನ್ನು ಮರೆಮಾಡಿ, ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಿ. ಆದರೆ ಬೀಗದ ಕೈ ಎಲ್ಲಿದೆಯೆಂದು ಊರಿಗೆ ಸಾರಬೇಕಿಲ್ಲವಾದರೂ ಮನೆಯವರಿಗೆ ತಿಳಿದಿರಲೇಬೇಕು.

ಆದುದರಿಂದ, ಪ್ರಿಯ ಶಿಷ್ಯರೇ, ನೀವು ಯಾವ ಸಂಸ್ಥೆಗೆ ತಾಣ ಕಟ್ಟಿಕೊಟ್ಟರೂ ಅದರ ನಡಾವಳಿ ಪುಸ್ತಕದಲ್ಲಿ ನಾಲ್ಕು ಸಾಲು ಬರೆದಿಡಿ: ಯಾವ ತಂತ್ರಾಂಶ, ತಾಣದ ಹೆಸರಿನ ನೋಂದಣಿ ಯಾರ ಬಳಿ, ಅದರ ನವೀಕರಣ ಯಾವ ತಿಂಗಳು, ಎಲ್ಲದರ ನಕಲು ಎಲ್ಲಿದೆ. ನಿಮ್ಮ ನಂತರ ಬರುವವನು ಸಂಘದ ಚರಿತ್ರೆಯನ್ನು ಅಳಿಸದೆ ಮುಂದುವರಿಸಲು ಅಷ್ಟು ಸಾಕು.