ಹದಿನಾಲ್ಕು ಹೆಜ್ಜೆ

ನಮ್ಮ ಮನೆಯ ಹಿತ್ತಲ ಗೋಡೆಯಿಂದ ಕೆರೆಯ ಗಡಿಕಲ್ಲಿಗೆ ಹದಿನಾಲ್ಕು ಹೆಜ್ಜೆ. ಸೀರೆ ಉಟ್ಟವಳ ಹೆಜ್ಜೆ. ಹೆಚ್ಚೆಂದರೆ ಎಂಟು ಮೀಟರ್. ಬೆಂಗಳೂರಿನ ಅಂಚಿನ ಈ ಬಡಾವಣೆಯಲ್ಲಿ 2009ರಲ್ಲಿ ಸಾಲ ಮಾಡಿ ಮನೆ ಕಟ್ಟಿಸಿದೆವು. ಕೆರೆಯಂಚಿನಿಂದ 30 ಮೀಟರ್ ಬಿಟ್ಟು ಕಟ್ಟಬೇಕೆಂಬ ನಿಯಮ ನಗರದ ಮಹಾಯೋಜನೆಯಲ್ಲಿ ಆಗಲೇ ಇತ್ತು. ನಿವೇಶನ ಮಾರಿದವನು ಹೇಳಲಿಲ್ಲ. ನಿಜ ಹೇಳಬೇಕೆಂದರೆ ನಾವೂ ಕೇಳಲಿಲ್ಲ. ಕಿಟಕಿ ತೆರೆದರೆ ಕೆರೆ ಕಾಣುತ್ತದೆಂದು ನೆಂಟರಿಷ್ಟರ ಮುಂದೆ ಹೆಮ್ಮೆಪಟ್ಟದ್ದೂ ಉಂಟು.

2022ರ ಸೆಪ್ಟೆಂಬರಿನ ಮಳೆಗೆ ಕೆರೆಯೇ ನಮ್ಮನ್ನು ನೋಡಲು ಬಂತು. ಬೀರುವಿನ ಕೆಳಗಿನ ಎರಡು ಖಾನೆ ಮುಳುಗಿದವು. ಕೆಸರು ಬಾಚುತ್ತಾ ಪಕ್ಕದ ಮನೆಯಾಕೆ, "ಈ ಕೆರೆ ನಮ್ಮ ಮನೆಗೆ ನುಗ್ಗಿತಲ್ಲ ಟೀಚರ್" ಎಂದರು. ಯಾರು ಯಾರ ಮನೆಗೆ ನುಗ್ಗಿದ್ದು ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಿಡಬೇಕೆಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿದ್ದರಿಂದ ಹಳೆಯ 30 ಮೀಟರ್ ಉಳಿಯಿತು. 2025ರಲ್ಲಿ ನಮ್ಮ ವಿಧಾನಸಭೆ ಕೆರೆ ಸಂರಕ್ಷಣೆಯ ಕಾಯ್ದೆಗೆ ತಿದ್ದುಪಡಿಯೊಂದನ್ನು ಒಪ್ಪಿತು. ಅದರಂತೆ ನೂರು ಎಕರೆಗೆ ಮೇಲ್ಪಟ್ಟ ಕೆರೆಗೆ ಮಾತ್ರ 30 ಮೀಟರ್. ಒಂದರಿಂದ ಹತ್ತು ಎಕರೆಯ ಕೆರೆಗೆ ಆರೇ ಮೀಟರ್!

ನಮ್ಮ ಕೆರೆ ನಾಲ್ಕು ಎಕರೆಯದು. ಲೆಕ್ಕ ಹಾಕಿ ನೋಡಿ: ಆ ತಿದ್ದುಪಡಿಯಂತಾದರೆ ನನ್ನ ಮನೆ ಗಡಿಯಿಂದ ಎರಡು ಮೀಟರ್ ಆಚೆ ಸುರಕ್ಷಿತ. ನನಗೆ ಲಾಭವೇ. ಆದರೂ ಇದು ತಪ್ಪು ಎಂದೇ ಹೇಳುತ್ತೇನೆ.

ಚಿಕ್ಕ ಕೆರೆಗೆ ದೊಡ್ಡ ಕೆರೆಯಷ್ಟೇ ಅಂಚು ಏಕೆ ಎಂದು ಕೇಳುತ್ತಾರೆ. ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಒಂದು ಎಕರೆಯ ಚೌಕ ಕುಂಟೆಯ ಸುತ್ತ 30 ಮೀಟರ್ ಬಿಟ್ಟರೆ ಹತ್ತಿರ ಹತ್ತಿರ ಮೂರು ಎಕರೆ ಹೋಗುತ್ತದೆ. ನಾನೇ ಗುಣಿಸಿ ನೋಡಿದ್ದೇನೆ. ಜಮೀನಿನವನಿಗೆ ನಷ್ಟ ನಿಜ, ಅದಕ್ಕೆ ಪರಿಹಾರ ಕೊಡಿ. ಆದರೆ ಅಂಚು ಇರುವುದು ಕೆರೆಯ ಅಂದಕ್ಕಲ್ಲ. ಓಡಿ ಬರುವ ಮಳೆನೀರು ಆ ಹುಲ್ಲಿನಲ್ಲಿ ನಿಧಾನಿಸಬೇಕು, ಹೂಳು ಅಲ್ಲೇ ನಿಲ್ಲಬೇಕು, ತುಂಬಿದ ಕೆರೆಗೆ ಮೈ ಚಾಚಲು ಜಾಗ ಬೇಕು. ಚಿಕ್ಕ ಕೆರೆ ಬೇಗ ತುಂಬುತ್ತದೆ, ಬೇಗ ಹೂಳುತ್ತದೆ. ಇಂಥದಕ್ಕೆ ಕಾವಲು ಹೆಚ್ಚು ಬೇಕೋ ಕಡಿಮೆ ಬೇಕೋ?

ಇನ್ನೊಂದು ಮಾತು. ನಮ್ಮ ಹಿರಿಯರು ಕೆರೆಗಳನ್ನು ಒಂದೊಂದಾಗಿ ಕಟ್ಟಲಿಲ್ಲ, ಸರಪಳಿಯಾಗಿ ಕಟ್ಟಿದರು. ಮೇಲಿನದರ ಕೋಡಿ ಬಿದ್ದ ನೀರು ಕಾಲುವೆ ಹಿಡಿದು ಕೆಳಗಿನದಕ್ಕೆ. ಮೇಲಿನ ಚಿಕ್ಕವನ್ನು ಕೊಂದು ಕೆಳಗಿನ ದೊಡ್ಡದಕ್ಕೆ 30 ಮೀಟರ್ ಕೊಟ್ಟರೆ, ಬೇರು ಕಡಿದು ಕೊಂಬೆಗೆ ನೀರು ಹಾಕಿದಂತೆ.

ಆರು ಮೀಟರ್ ಎಂದರೆ ಇಪ್ಪತ್ತು ಅಡಿ. ನನ್ನ ತರಗತಿಯ ಕೋಣೆಯ ಉದ್ದ ಅಷ್ಟೇ. ಹಿಂದಿನ ಬೆಂಚಿನ ಹುಡುಗ ಕೆಮ್ಮಿದರೆ ಕರಿಹಲಗೆಯ ಬಳಿ ನನಗೆ ಕೇಳುತ್ತದೆ. ಅಷ್ಟು ದೂರದಲ್ಲಿ ಮನೆ, ಅದರ ಬಚ್ಚಲು, ಅದರ ಶೌಚದ ಗುಂಡಿ! ಕೆರೆ ಉಳಿದೀತೇ?

ಈಗಾಗಲೇ ಎಷ್ಟೋ ಮಂದಿ ಕಟ್ಟಿಬಿಟ್ಟಿದ್ದಾರಲ್ಲ, ಏನು ಮಾಡುವುದು ಎನ್ನುವವರಿದ್ದಾರೆ. ಪಾಸಾಗಲು 35 ಅಂಕ ಬೇಕು ಎಂದಿಟ್ಟುಕೊಳ್ಳಿ. ಬಹಳ ಮಂದಿ ನಪಾಸಾದರೆಂದು ನಾನು ಅದನ್ನು ಏಳಕ್ಕೆ ಇಳಿಸಿದರೆ ನೀವು ನನ್ನನ್ನು ಮೇಷ್ಟ್ರು ಎನ್ನುತ್ತೀರಾ? ಮೂವತ್ತನ್ನು ಆರಕ್ಕೆ ಇಳಿಸುವುದೂ ಅದೇ ಲೆಕ್ಕ, ಐದರಲ್ಲೊಂದು ಪಾಲು.

ನಮ್ಮಂಥವರ ತಪ್ಪನ್ನು ಬೇರೆಯಾಗಿ ವಿಚಾರಿಸಿ. ದಂಡ ಹಾಕಿ. ಹಿತ್ತಲ ಗೋಡೆ ಒಡೆದು ಕಾಂಕ್ರೀಟು ಕಿತ್ತು ಹುಲ್ಲು ಬೆಳೆಸಿ ಎಂದರೆ ನಾನು ಮೊದಲು ಒಡೆಸುತ್ತೇನೆ. ಮನೆಯವರಿಗೆ ಇನ್ನೂ ಹೇಳಿಲ್ಲ, ಈ ಬರಹ ಓದಿ ತಿಳಿಯಲಿ. ಆದರೆ ನಮ್ಮ ತಪ್ಪನ್ನು ಮುಚ್ಚಲು ನಾಳೆ ಕಟ್ಟುವವರೆಲ್ಲರಿಗೂ ಅದೇ ತಪ್ಪಿನ ಪರವಾನಗಿ ಕೊಡಬೇಡಿ.