ಬಸಿಯದ ಅನ್ನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಹೊಲಗಳಲ್ಲಿ ಬೆಳೆದ ಹಿಂಗಾರಿ ಜೋಳವೇ ನಿತ್ಯದ ಆಹಾರವಾಗಿದ್ದು, ಅಕ್ಕಿಯು ಹಬ್ಬಕ್ಕೋ ಬೀಗರ ಆಗಮನಕ್ಕೋ ಮೀಸಲಾಗಿದ್ದ ಕಾಲದಲ್ಲಿ, ಮಾಂಸದೊಡನೆ ಅಕ್ಕಿಯನ್ನು ಬೇಯಿಸುವ ಗೃಹಿಣಿಯು ತೊಟ್ಟು ರಸವನ್ನೂ ವ್ಯರ್ಥಗೊಳಿಸದಿದ್ದುದು ಸಹಜವೇ ಸರಿ. ಇಂದು ಸಿಂಧನೂರು, ಗಂಗಾವತಿಗಳ ಅಕ್ಕಿ ಸಂತೆಸಂತೆಗೂ ಬರುತ್ತಿದೆ. ಆದರೆ ಮನೆಯ ಪಲಾವು ಹಿಂದೆ ಸರಿದು, ಬಣ್ಣದ ನೀರು ಚಿಮುಕಿಸಿದ ಹೋಟೆಲು ಬಿರ್ಯಾನಿಯ ಪೊಟ್ಟಣ ಒಳಬಂದುದು ನನಗೆ ಲಾಭದ ವಿನಿಮಯವಾಗಿ ತೋರುವುದಿಲ್ಲ.

ಬಸವಣ್ಣನವರ ಜನ್ಮಸ್ಥಳದ ಹೆಸರೆತ್ತಿ ಮಾಂಸದ ಮಾತೇ ಎಂದು ಹುಬ್ಬು ಗಂಟಿಕ್ಕುವವರ ಆಚಾರಕ್ಕೆ ನಮಸ್ಕಾರ. ಟಗರಿನ ಖಂಡ ಬೇಯುವ ಮನೆಗಳೂ ಅಲ್ಲಿಯೇ ಉಂಟು, ಅವರನ್ನು ಕುರಿತೇ ಈ ಬರಹ.

ಆದಿಲಶಾಹಿಗಳ ರಾಜಧಾನಿಯ ನೆರೆಯಲ್ಲಿದ್ದುಕೊಂಡು ದಮ್ ಬಿರ್ಯಾನಿಯನ್ನು ಹಳಿಯುವ ಧಾರ್ಷ್ಟ್ಯ ನನಗಿಲ್ಲ. ಆದರೆ ಅದರಲ್ಲಿ ಅಕ್ಕಿಯನ್ನು ಪ್ರತ್ಯೇಕವಾಗಿ ಅರೆಬೇಯಿಸಿ ಬಸಿಯುವರು. ಪಲಾವಿನಲ್ಲಾದರೋ ಹಸಿ ಅಕ್ಕಿಯೇ ಮಾಂಸರಸವನ್ನು ಕುಡಿದು ಅರಳುವುದು. ಬ್ರಿಟಿಷರು 1755ರಿಂದ ಅಕೇಡಿಯಾದಿಂದ ಹೊರದೂಡಿದ ಫ್ರೆಂಚ್ ಭಾಷಿಕರ ಸಂತತಿಯವರಾಗಿ ಅಮೆರಿಕೆಯ ಲೂಸಿಯಾನದಲ್ಲಿ ನೆಲೆಸಿರುವ ಕೇಜನ್ ಜನರೂ ತಮ್ಮ ಜಂಬಲಾಯವನ್ನು ಹೀಗೆಯೇ ಮಾಡುವರು: ಬೀಡುಕಬ್ಬಿಣದ ಕಡಾಯಿಯಲ್ಲಿ ಕೋಳಿಯನ್ನೂ ಹೊಗೆಯಾಡಿಸಿದ ಹಂದಿಮಾಂಸದ ಸಾಸೇಜನ್ನೂ ತಳ ಹಿಡಿಯುವವರೆಗೆ ಹುರಿದು, ಉಳ್ಳಾಗಡ್ಡಿ ಬಿಟ್ಟ ನೀರಿನಿಂದ ಆ ಕಂದನ್ನೆಲ್ಲ ಕೆರೆದೆಬ್ಬಿಸಿ, ಅದೇ ರಸದಲ್ಲಿ ಅಕ್ಕಿಯನ್ನು ಬೇಯಿಸುವರು. ಅವರ ಗ್ರಾಮಾಂತರದ ಪಾಕಕ್ಕೆ ಟೊಮೆಟೊ ಸಾಮಾನ್ಯವಾಗಿ ಬೀಳದು. ಬಣ್ಣವೆಲ್ಲ ಕಡಾಯಿಯ ತಳದ್ದೇ.

ನಮ್ಮಲ್ಲಿ ತಳ ಹತ್ತಿತೆಂದೊಡನೆ ಅಡುಗೆಯವಳನ್ನು ಗದರುವ ಪದ್ಧತಿ! ಹತ್ತುವುದಕ್ಕೂ ಹೊತ್ತುವುದಕ್ಕೂ ಇರುವ ಅಂತರವನ್ನು ಮೂಗು ಅರಿಯಬಲ್ಲುದು. ದಪ್ಪ ತಳದ ಬೋಗುಣಿಯಲ್ಲಿ ಖಂಡವನ್ನು ಅದರದೇ ನೀರು ಇಂಗಿ ಎಣ್ಣೆ ಬಿಡುವವರೆಗೆ ಹುರಿದು, ಉಳ್ಳಾಗಡ್ಡಿಯನ್ನೂ ಬ್ಯಾಡಗಿ ಮೆಣಸಿನಕಾಯಿಯ ಮಸಾಲಿ ಖಾರವನ್ನೂ ಕೂಡಿಸಿ, ಮಾಂಸ ಮೆತ್ತಗಾದ ಬಳಿಕ ಉಳಿದ ರಸವನ್ನು ಅಳೆಯತಕ್ಕದ್ದು. ಹಳೆಯ ಅಕ್ಕಿ ಒಂದಳತೆಗೆ ರಸ ಎರಡಳತೆ, ಸಾಲದಿದ್ದರೆ ಬಿಸಿನೀರು. ಅಕ್ಕಿ ಬಿದ್ದು ಕುದಿ ಬಂದೊಡನೆ ಉರಿಯನ್ನು ತಗ್ಗಿಸಿ ಮುಚ್ಚಿದ ಮೇಲೆ ಸೌಟಾಡಿಸಿದರೆ ಅನ್ನ ಮುದ್ದೆಯಾಗುವುದು. ಬಡಿಸುವಾಗ ಇಂಡಿಯ ಲಿಂಬೆಯ ಹೋಳೊಂದಿರಲಿ. ಭೌಗೋಳಿಕ ಸೂಚಿಕೆ ಪಡೆದ ಆ ಹಣ್ಣಿನ ಹುಳಿ ಕೊಬ್ಬಿನ ಜಿಡ್ಡನ್ನು ಚೆನ್ನಾಗಿ ಕಡಿಯುತ್ತದೆ.

ಕುಕ್ಕರು ಆಗದೇ ಎಂದು ಕೇಳುವವರಿಗೆ: ಖಂಡ ಬೇಯಲು ಧಾರಾಳವಾಗಿ ಆದೀತು. ಅಕ್ಕಿಗೆ ಮಾತ್ರ ಬೇಡ; ಸೀಟಿ ಎಣಿಸುತ್ತ ಕುಳಿತವರಿಗೆ ತಳದ ವಾಸನೆ ತಿಳಿಯುವ ಹೊತ್ತಿಗೆ ಅನ್ನ ಸೀದಿರುತ್ತದೆ.