ಕೊರಿಯದ ಕತ್ತಿವರಸೆ: ಚಿತ್ರ ಉಳೀತು, ನಡೆ ಎಲ್ಲಿ?

ಕೊರಿಯ ಅಂದ ತಕ್ಷಣ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವ ಹುಡುಗನೂ ಟೇಕ್ವಾಂಡೊ ಅಂತಾನೆ. ಬಿಳಿ ಉಡುಪು, ಕಪ್ಪು ಬೆಲ್ಟು, ಗಾಳಿ ಸೀಳುವ ಕಾಲು. ಕತ್ತಿ, ಈಟಿ, ದೊಣ್ಣೆ ಯಾರ ನೆನಪಿಗೂ ಬರೋದಿಲ್ಲ. ಆದರೆ ಆ ದೇಶದ ದೊರೆ 1790ರಲ್ಲಿ ಬರೆಸಿದ ಯುದ್ಧವಿದ್ಯೆಯ ಪುಸ್ತಕ ತೆಗೆದು ನೋಡಿದರೆ ಲೆಕ್ಕವೇ ಬೇರೆ. ಅದರಲ್ಲಿರುವ ವಿದ್ಯೆ 24. ಬರಿಗೈಯದು ಒಂದೇ ಒಂದು. ಎರಡು ಕುದುರೆ ಮೇಲಿನ ಚೆಂಡಾಟ ಮತ್ತು ಕಸರತ್ತು. ಮಿಕ್ಕ 21ಕ್ಕೂ ಕೈಯಲ್ಲಿ ಆಯುಧ ಬೇಕು.

ಹಾಗಾದರೆ ಆ 21 ಎಲ್ಲಿ ಹೋದವು? ಇವತ್ತು ಕೊರಿಯದಲ್ಲಿ ಕತ್ತಿ ಬೀಸಿ ಚಪ್ಪಾಳೆ ಗಿಟ್ಟಿಸುವವರ ಕೈಯಲ್ಲಿರುವುದು ಅದೇ ವಿದ್ಯೆಯೋ, ಅದರ ನೆರಳೋ? ಇದು ದೂರದೇಶದ ಪ್ರಶ್ನೆ, ನಮಗ್ಯಾಕೆ ಅನ್ನಿಸಬಹುದು. ಆದರೆ ಕರ್ನಾಟಕದ ಊರೂರಲ್ಲಿ ಕೊರಿಯದ ಹೆಸರಿನ ಕ್ಲಾಸಿಗೆ ಮಕ್ಕಳನ್ನು ಕಳಿಸಿ ತಿಂಗಳ ಫೀಜು ಕಟ್ಟುವ ತಂದೆತಾಯಿಗಳಿಗೆ ಇದು ಗಲ್ಲಾಪೆಟ್ಟಿಗೆಯ ಪ್ರಶ್ನೆಯೂ ಹೌದು.

ಅಕ್ಕಿಪೆಟ್ಟಿಗೆಯ ರಾಜಕುಮಾರ

ಕಥೆ ಶುರುವಾಗುವುದು ಸೋಲಿನಿಂದ. 1592ರಲ್ಲಿ ಜಪಾನಿನ ಸೈನ್ಯ ಕೊರಿಯಕ್ಕೆ ನುಗ್ಗಿತು. ಕೊರಿಯದವರು ಬಿಲ್ಲುಗಾರಿಕೆಯಲ್ಲಿ ಗಟ್ಟಿಗರು. ಆದರೆ ಕತ್ತಿ ಹಿಡಿದು ಮೈಮೇಲೆ ಬಿದ್ದವನ ಎದುರು ಬಿಲ್ಲು ಏನು ಮಾಡೀತು? ಪೆಟ್ಟು ತಿಂದ ಮೇಲೆ ಬುದ್ಧಿ ಬಂತು. ಚೀನದ ದಂಡನಾಯಕ ಚೀ ಜಿಗ್ವಾಂಗ್ ಬರೆದಿದ್ದ ಸೈನ್ಯಶಿಕ್ಷಣದ ಪುಸ್ತಕ ತರಿಸಿ, ಅದರ ಆಧಾರದಲ್ಲಿ 1598ರಲ್ಲಿ ಆರು ಆಯುಧಗಳ ಒಂದು ಕೈಪಿಡಿ ಮಾಡಿಕೊಂಡರು.

1759ರಲ್ಲಿ ಸಾದೊ ಎಂಬ ಯುವರಾಜ ಅದಕ್ಕೆ 12 ಸೇರಿಸಿ 18 ಮಾಡಿದ. ಮೂರು ವರ್ಷ ಕಳೆಯೋದರೊಳಗೆ, 1762ರಲ್ಲಿ, ಹೆತ್ತಪ್ಪನೇ ಅವನನ್ನು ಅಕ್ಕಿ ತುಂಬುವ ಪೆಟ್ಟಿಗೆಯಲ್ಲಿ ಕೂಡಿಹಾಕಿ ಸಾಯಿಸಿದ. ಅವನ ಮಗ ಜೊಂಗ್ಜೊ 1776ರಲ್ಲಿ ಪಟ್ಟಕ್ಕೆ ಬಂದ. ತಂದೆಯ 18ಕ್ಕೆ ಕುದುರೆ ಮೇಲಿನ ಆರು ವಿದ್ಯೆ ಸೇರಿಸಿ 1790ರಲ್ಲಿ ಅಚ್ಚು ಹಾಕಿಸಿದ. ಅದೇ 'ಮುಯೆ ದೋಬೊ ತೊಂಗ್ಜಿ', ಅಂದರೆ ಯುದ್ಧವಿದ್ಯೆಗಳ ಸಚಿತ್ರ ಸಂಗ್ರಹ.

ಕೆಲಸ ವಹಿಸಿದ ರೀತಿಯಲ್ಲೇ ದೊರೆಯ ಜಾಣತನ ಕಾಣುತ್ತೆ. ಈ ದೊಕ್-ಮು, ಪಾಕ್ ಜೆ-ಗಾ ಎಂಬ ಇಬ್ಬರು ಅರಮನೆ ಗ್ರಂಥಾಲಯದ ಪಂಡಿತರು. ಮೂರನೆಯವನು ಪೆಕ್ ದೊಂಗ್-ಸು, ಕತ್ತಿ ಹಿಡಿದು ಬೆಳೆದ ಸಿಪಾಯಿ. ಬರೆಯುವವರು ಬರೆದರು, ಮಾಡಿ ತೋರಿಸುವವನು ತೋರಿಸಿದ. ಪಂಡಿತರ ಹಳೇ ಚೀನೀ ಲಿಪಿಯ ನಾಲ್ಕು ಸಂಪುಟದ ಜತೆಗೆ ಕೊರಿಯನ್ ಲಿಪಿಯಲ್ಲೇ ಒಂದು ಸಂಪುಟವನ್ನೂ ಕೊಟ್ಟರು, ಸಾಮಾನ್ಯ ಸಿಪಾಯಿಗೂ ಅರ್ಥವಾಗಲಿ ಅಂತ.

ಒಂದು ಸಂಗತಿ ಗಮನಿಸಬೇಕು. ಬೇರೆಬೇರೆ ಪಾಳೆಯಗಳಲ್ಲಿ ಒಂದೇ ವರಸೆಯನ್ನು ಬೇರೆಬೇರೆ ತರಹ ಮಾಡುತ್ತಿದ್ದರು. ಆ ವ್ಯತ್ಯಾಸಗಳನ್ನು ಮುಚ್ಚಿಡದೆ ಪಟ್ಟಿಮಾಡಿ ಪುಸ್ತಕಕ್ಕೆ ಸೇರಿಸಿದರು. ಶತ್ರುವಿನ ವಿದ್ಯೆಗೂ ಮುಖ ತಿರುಗಿಸಲಿಲ್ಲ. ಅದಕ್ಕೂ ಹಿಂದೆ ಕಿಮ್ ಚೆ-ಗೊನ್ ಎಂಬ ಸೈನಿಕ ರಾಯಭಾರಿಗಳ ಜತೆ ಜಪಾನಿಗೆ ಹೋಗಿ ಅಲ್ಲಿನ ಕತ್ತಿವಿದ್ಯೆ ಕಲಿತು ಬಂದಿದ್ದ. ಅದೂ ಈ 24ರಲ್ಲಿ ಒಂದು. ತಿದ್ದಿಕೊಳ್ಳುವ ಮನಸ್ಸಿದ್ದವರಿಗೆ ಯಾರಿಂದ ಕಲಿತೆ ಅನ್ನುವ ನಾಚಿಕೆ ಇರಲಿಲ್ಲ.

ಜೈಲಿನಲ್ಲಿ ಕಲಿತ ವಿದ್ಯೆ

1907ರಲ್ಲಿ ಜಪಾನಿನವರು ಕೊರಿಯದ ಸೈನ್ಯವನ್ನೇ ವಿಸರ್ಜಿಸಿದರು. 1910ರಿಂದ 1945ರವರೆಗೆ ದೇಶವೇ ಅವರ ಕೈಯಲ್ಲಿತ್ತು. ಬಂದೂಕಿನ ಕಾಲದಲ್ಲಿ ಮೊದಲೇ ಸೊರಗಿದ್ದ ಕತ್ತಿ-ಈಟಿಗಳ ಪಾಠಕ್ಕೆ ಹೇಳಿಕೊಡುವ ಗುರುವೂ ಇಲ್ಲ, ಕಲಿಯುವ ಸಿಪಾಯಿಯೂ ಇಲ್ಲ ಎಂಬಂತಾಯಿತು. ಉಳಿದಿದ್ದು ಪುಸ್ತಕ ಮಾತ್ರ.

ಆ ಪುಸ್ತಕಕ್ಕೆ ಮತ್ತೆ ಜೀವ ಕೊಡಲು ಹೊರಟವರಲ್ಲಿ ಇಮ್ ದೊಂಗ್-ಗ್ಯು ಒಬ್ಬ. ಪ್ರಭುತ್ವವನ್ನು ಎದುರು ಹಾಕಿಕೊಂಡು 1970ರ ದಶಕದ ಕೊನೆಗೆ ಜೀವಾವಧಿ ಶಿಕ್ಷೆಗೆ ಗುರಿಯಾದ ಈತ ಜೈಲಿನಲ್ಲೇ ಆ ಚಿತ್ರಗಳನ್ನು ನೋಡಿ ನೋಡಿ ವರಸೆಗಳನ್ನು ಕಟ್ಟಿದ. 1988ರಲ್ಲಿ ಬಿಡುಗಡೆಯಾದ ಮೇಲೆ ಹೊರಗೆ ಬಂದು ಕಲಿಸಿದ. ಇವತ್ತು ಜೊಂಗ್ಜೊ ದೊರೆ 1794-96ರಲ್ಲಿ ಕಟ್ಟಿಸಿದ ಸುವೊನ್ ನಗರದ ಹ್ವಾಸೊಂಗ್ ಕೋಟೆಯ ಅರಮನೆ ಬಾಗಿಲಲ್ಲಿ ನಗರಾಡಳಿತದ ತಂಡವೇ ಈ 24 ವಿದ್ಯೆಗಳನ್ನು ಪ್ರವಾಸಿಗಳಿಗೆ ಆಡಿ ತೋರಿಸುತ್ತೆ. ತಮಾಷೆ ಅಂದರೆ, 2017ರಲ್ಲಿ ಈ ಪುಸ್ತಕವನ್ನು ಯುನೆಸ್ಕೊದ ಜಾಗತಿಕ ಸ್ಮೃತಿ ಪಟ್ಟಿಗೆ ಸೇರಿಸಿಕೊಂಡಿದ್ದು ಉತ್ತರ ಕೊರಿಯ! ಆಡಿ ತೋರಿಸುವವರು ದಕ್ಷಿಣದವರು, ಪಟ್ಟಾ ಮಾಡಿಸಿಕೊಂಡವರು ಉತ್ತರದವರು. ಅಣ್ಣತಮ್ಮಂದಿರ ಪಾಲುಪಟ್ಟಿ ಎಲ್ಲ ಕಡೆ ಒಂದೇ ತರಹ ನೋಡಿ.

ಎರಡು ಚಿತ್ರಗಳ ನಡುವೆ

ಕಷ್ಟ ಇರುವುದು ಇಲ್ಲಿ. ಪುಸ್ತಕದಲ್ಲಿ ಒಂದೊಂದು ಭಂಗಿಗೂ ಚಿತ್ರ ಇದೆ, ಹೆಸರಿದೆ, ಯಾವುದಾದ ಮೇಲೆ ಯಾವುದು ಅನ್ನುವ ಕ್ರಮಪಟ್ಟಿ ಇದೆ. ಬಲಗೈ, ಬಲಗಾಲು, ಮುಂದೆ ಹೊಡಿ, ತಿರುಗು ಅಂತ ಮಾತಿನಲ್ಲೂ ಹೇಳಿದ್ದಾರೆ. ಆದರೆ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಮೈ ಹೇಗೆ ದಾಟಬೇಕು? ಮೊದಲು ಸೊಂಟವೋ, ಪಾದವೋ? ಉಸಿರು ಎಲ್ಲಿ ಬಿಡಬೇಕು? ಭಾರ ಯಾವ ಕಾಲ ಮೇಲೆ? ಇಷ್ಟನ್ನೂ ಚಿತ್ರದಿಂದ ತೆಗೆಯೋಕಾಗಲ್ಲ. ಅದನ್ನು ಗುರು ಎದುರು ನಿಂತು ಬೆನ್ನಿಗೆ ಕೈಯಿಟ್ಟೇ ತೋರಿಸಬೇಕು. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಬುದ್ಧಿ ಎಷ್ಟು ದಿನ ಬಂದೀತು? ಹಾಗಾಗಿ ಒಂದೇ ಪುಟ ನೋಡಿ ಒಬ್ಬರು ಒಂದು ತರಹ, ಇನ್ನೊಬ್ಬರು ಇನ್ನೊಂದು ತರಹ ಮಾಡುವುದು ಇವತ್ತೂ ಉಂಟು.

ವರಸೆ ಸುಧಾರಿಸಬೇಕು ಅಂದರೆ ಈ ನಡುವಿನ ಜಾಗವನ್ನೇ ರಿಪೇರಿ ಮಾಡಬೇಕು. ದಾರಿ ಹೊಸದೇನಲ್ಲ. ಗರಡಿಮನೆ ಕಂಡವರಿಗೆ ಹೇಳಬೇಕಾದ್ದೂ ಇಲ್ಲ. ಪೂರ್ತಿ ವರಸೆಯನ್ನು ದಿನಕ್ಕೆ ಐವತ್ತು ಸಲ ಓಡಿಸಿದರೆ ತಪ್ಪೇ ಐವತ್ತು ಸಲ ಗಟ್ಟಿಯಾಗುತ್ತೆ. ಬದಲಿಗೆ ಎರಡು ಭಂಗಿ ತಗೊಂಡು ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟಬೇಕು. ಮೊದಲು ಕಣ್ಣು ಹೋಗಬೇಕು, ಆಮೇಲೆ ಸೊಂಟ, ಆಮೇಲೆ ಕೈ. ನಡುವೆ ಎಲ್ಲಿ ನಿಲ್ಲಿಸಿದರೂ ಮೈ ತೂಗಾಡಬಾರದು. ತೂಗಾಡಿದರೆ ತಪ್ಪು ಅಲ್ಲೇ ಇದೆ ಅಂತ ತಿಳೀಬೇಕು.

ಕೈಗೆ ಆಯುಧ ಬಂದಾಗ ಮೈಯ ಕಳ್ಳತನ ಇನ್ನೂ ಬೇಗ ಸಿಕ್ಕಿಬೀಳುತ್ತೆ. ಕಾಲು ನೆಲೆ ನಿಲ್ಲದವನ ಕೈಗೆ ಕತ್ತಿ ಕೊಟ್ಟರೆ ಬೀಸುವುದೆಲ್ಲ ಮಣಿಕಟ್ಟಿನಿಂದ. ಸ್ವಲ್ಪ ಹೊತ್ತಿಗೇ ಮುಂಗೈ ನೋವು, ಕತ್ತಿಯ ತುದಿ ನಡುಕ. ಅದಕ್ಕೇ ಬಲ್ಲ ಗುರುಗಳು ಅದೇ ನಡೆಯನ್ನು ಮೊದಲು ಬರಿಗೈಯಲ್ಲಿ ಮಾಡಿಸಿ, ಆಮೇಲೆ ಮರದ ಕತ್ತಿ ಕೊಡುತ್ತಾರೆ. ಎರಡು ಕೈಯಲ್ಲಿ ಹಿಡಿವ ಕತ್ತಿಗೆ ಹಿಡಿಕೆಯ ತುದಿಯಲ್ಲಿರುವ ಎಡಗೈ ಬಲ ಕೊಡಬೇಕು, ಬಲಗೈ ದಾರಿ ತೋರಿಸಬೇಕು. ಪೆಟ್ಟು ಮುಟ್ಟುವ ಗಳಿಗೆಯಲ್ಲಿ ಮಾತ್ರ ಬಿಗಿ, ಮಿಕ್ಕ ಹೊತ್ತು ಸಡಿಲ. ಬಲಗೈಯೇ ಎಲ್ಲ ಮಾಡಲು ಹೊರಟರೆ ಕತ್ತಿಯ ದಾರಿ ಸೊಟ್ಟಗಾಗುತ್ತೆ.

ಸೊಟ್ಟಗಾಯಿತೋ ಇಲ್ಲವೋ ಹೇಗೆ ಗೊತ್ತಾಗಬೇಕು? ಗಾಳಿ ದೂರು ಹೇಳೋದಿಲ್ಲ. ಕೊರಿಯದ ಕತ್ತಿ ಶಾಲೆಗಳಲ್ಲಿ ಹುಲ್ಲಿನ ಸುರುಳಿ, ಬಿದಿರು ಕತ್ತರಿಸುವ ಅಭ್ಯಾಸ ಇರುವುದು ಇದಕ್ಕೇ. ಅಲಗು ಸ್ವಲ್ಪ ಓರೆಯಾದರೂ ಸುರುಳಿ ಬಗ್ಗುತ್ತೆ, ಕತ್ತಿ ನಡುವೆ ಸಿಕ್ಕಿಕೊಳ್ಳುತ್ತೆ. ತಕ್ಕಡಿ ಇದ್ದ ಹಾಗೆ, ಮುಲಾಜಿಲ್ಲ. ಇನ್ನೊಂದು ಪರೀಕ್ಷೆ ಎದುರಾಳಿ. ಆ ಪುಸ್ತಕದಲ್ಲೇ ಇಬ್ಬರು ಎದುರುಬದುರು ನಿಂತು ಆಡುವ ಕತ್ತಿವರಸೆ ಒಂದಿದೆ. ಎಷ್ಟು ದೂರ ನಿಲ್ಲಬೇಕು, ಯಾವಾಗ ಒಳಗೆ ಬರಬೇಕು ಅನ್ನುವುದು ಒಬ್ಬನೇ ಕನ್ನಡಿ ಮುಂದೆ ಕುಣಿದರೆ ಬರೋದಿಲ್ಲ.

ಕಾಲು ಆಕಾಶಕ್ಕೆ

ಆಯುಧವಿಲ್ಲದ ಟೇಕ್ವಾಂಡೊ ಕೂಡ ಇದೇ ರೋಗದಿಂದ ನರಳುತ್ತಿದೆ. ಅದರ ಹೆಸರು ಬಂದಿದ್ದೇ 1955ರಲ್ಲಿ. ಸೋಲ್ ನಗರದ ಕುಕ್ಕಿವೊನ್ ಕೇಂದ್ರ ತೆರೆದದ್ದು 1972ರಲ್ಲಿ. ಅಲ್ಲಿನ ವರಸೆಗೆ ಪೂಮ್ಸೆ ಅನ್ನುತ್ತಾರೆ. ಅದಕ್ಕೇ ಪ್ರತ್ಯೇಕ ವಿಶ್ವ ಚಾಂಪಿಯನ್‌ಷಿಪ್ 2006ರಲ್ಲಿ ಶುರುವಾಯಿತು. 2018ರಲ್ಲಿ ಜಕಾರ್ತ ಏಷ್ಯನ್ ಕ್ರೀಡಾಕೂಟಕ್ಕೂ ಬಂತು. ಅಲ್ಲಿ ಇದ್ದ ನಾಲ್ಕು ಚಿನ್ನದಲ್ಲಿ ಕೊರಿಯಕ್ಕೆ ಸಿಕ್ಕಿದ್ದು ಎರಡೇ. ಒಂದನ್ನು ಇಂಡೊನೇಷ್ಯದ ಹುಡುಗಿ ಡೆಫಿಯಾ ರೋಸ್ಮಾನಿಯರ್ ಗೆದ್ದಳು, ಇನ್ನೊಂದು ಥಾಯ್ಲೆಂಡಿನ ಹುಡುಗಿಯರ ಪಾಲಾಯಿತು. ಹುಟ್ಟಿದ ಮನೆಯವರೇ ಗೆಲ್ಲಬೇಕು ಅಂತ ಎಲ್ಲೂ ಬರೆದಿಲ್ಲ.

ಅಂಕದ ಲೆಕ್ಕ ಸರಳ. ಒಟ್ಟು 10. ನಿಖರತೆಗೆ 4, ಬಲ-ಲಯ-ಕಳೆ ಸೇರಿದ ಪ್ರದರ್ಶನಕ್ಕೆ 6. ಸಣ್ಣ ತಪ್ಪಿಗೆ 0.1, ದೊಡ್ಡದಕ್ಕೆ 0.3 ಕಡಿತ. ಅಂಗಡಿಯವರಿಗೆ ತಕ್ಷಣ ಹೊಳೆಯುತ್ತೆ: ಲಾಭ ಎಲ್ಲಿದೆಯೋ ಸರಕು ಅಲ್ಲಿಗೇ ಹೋಗುತ್ತೆ. ಕಣ್ಣಿಗೆ ರಾಚುವುದು ಕಾಲಿನ ಎತ್ತರ. ಕೊರ್ಯೊ ಎಂಬ ಕಪ್ಪುಬೆಲ್ಟಿನ ವರಸೆಯಲ್ಲಿ ಒಂದೇ ಕಾಲಿನ ಎರಡು ಒದೆತ ಇದೆ: ಮೊದಲು ಎದುರಾಳಿಯ ಮೊಣಕಾಲಿಗೆ, ಕೂಡಲೆ ಮೇಲಕ್ಕೆ. ಕಾಲು ಮುರಿದು ಬಗ್ಗಿದವನಿಗೆ ಎರಡನೇ ಪೆಟ್ಟು, ಇದು ಅದರ ಅರ್ಥ. ಸ್ಪರ್ಧೆಯಲ್ಲಿ ಆ ಎರಡನೆಯದು ನೇರ ಸೂರಿಗೆ ಹೋಗುತ್ತೆ. ಅಷ್ಟೆತ್ತರದ ಶತ್ರು ಯಾರು ಅಂತ ಕೇಳುವವರಿಲ್ಲ. ಫೋಟೊ ಚೆನ್ನಾಗಿ ಬರುತ್ತೆ, ಸರಿ. ಆದರೆ ಒದೆಯುವ ಮೊದಲು ಮೊಣಕಾಲು ಮಡಿಸಿದ್ದು, ಒದ್ದ ಮೇಲೆ ಮತ್ತೆ ಮಡಿಸಿ ಇಳಿಸಿದ್ದು ಫೋಟೊದಲ್ಲಿ ಬರೋದಿಲ್ಲ. ವಿದ್ಯೆ ಇರುವುದು ಆ ಮಡಿಕೆಯಲ್ಲಿ.

ಎತ್ತರವೇ ತಪ್ಪು ಅಂತಲ್ಲ. ಅಷ್ಟು ಮೇಲೆ ಕಾಲೆತ್ತಿ ಒಂಟಿಕಾಲಲ್ಲಿ ಅಲುಗದೆ ನಿಲ್ಲುವುದು ವರ್ಷಗಟ್ಟಲೆ ಬೆವರು ಹರಿಸಿದವರಿಗೆ ಮಾತ್ರ ಸಾಧ್ಯ. ಪ್ರಶ್ನೆ ಇರುವುದು, ಮಡಿಕೆ ಬಾರದ ಎಂಟು ವರ್ಷದ ಮಗುವೂ ಎತ್ತರಕ್ಕೇ ಕೈ ಹಾಕಿದರೆ ಏನು ಗತಿ ಅಂತ.

ಗಿರಾಕಿ ಇಲ್ಲದ ಅಂಗಡಿ

ಇದಕ್ಕೆಲ್ಲ ಕೊರಿಯದ ಗುರುಗಳನ್ನೇ ಬೈದರೆ ನ್ಯಾಯವಲ್ಲ. ಅಲ್ಲಿನ ಟೇಕ್ವಾಂಡೊ ಶಾಲೆಗಳು ಬದುಕಿರುವುದೇ ಪ್ರೈಮರಿ ಸ್ಕೂಲು ಮಕ್ಕಳಿಂದ. ಗುರು ತಾನೇ ವ್ಯಾನು ಓಡಿಸಿಕೊಂಡು ಹೋಗಿ ಮಕ್ಕಳನ್ನು ಕರೆತರುವುದೂ ಉಂಟು. ಆ ಮಕ್ಕಳೇ ಈಗ ಕಮ್ಮಿ. 2023ರಲ್ಲಿ ದಕ್ಷಿಣ ಕೊರಿಯದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 0.72 ಮಗು. 2024ರಲ್ಲಿ ಕೊಂಚ ಏರಿ 0.75. ಅಂದರೆ ಇಬ್ಬರು ಹೋದ ಜಾಗಕ್ಕೆ ಒಬ್ಬರೂ ಬರುತ್ತಿಲ್ಲ. ಇಂಥಾ ಹೊತ್ತಲ್ಲಿ ಎರಡು ಭಂಗಿಯ ನಡುವಿನ ನಡೆಯನ್ನೇ ತಿಂಗಳುಗಟ್ಟಲೆ ತಿದ್ದುತ್ತಾ ಕೂತರೆ ಮಗುವಿಗೆ ಬೇಜಾರು. ಅದು ಬೇಡ ಅಂದರೆ ತಾಯಿ ಬಿಡಿಸುತ್ತಾಳೆ. ಆಟ, ಹಗ್ಗದ ಜಿಗಿತ ಸೇರಿಸಿಕೊಂಡು ಬಾಡಿಗೆ ಕಟ್ಟುವವನನ್ನು ದೂರುವುದು ಸುಲಭ. ಅವನ ಗಲ್ಲಾ ಮುಂದೆ ಕೂರುವುದು ಕಷ್ಟ.

ಸುವೊನ್‌ನ ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತೆ. ಅಲ್ಲಿ ಆಯುಧವಿದ್ಯೆ ಮಾಡುವವರಿಗೆ ಆಸರೆ ನಗರಾಡಳಿತ. ಮಕ್ಕಳ ಫೀಜಿನ ಮೇಲೆ ಅವರ ಹೊಟ್ಟೆ ನಿಂತಿಲ್ಲ. ಪ್ರವಾಸಿಗಳಿಗೆ ತೋರಿಸುವ ಆಟವಾಯಿತು ಅನ್ನುವ ಟೀಕೆ ಇದ್ದದ್ದೇ. ಆದರೆ ನಿತ್ಯ ತಾಲೀಮು ಮಾಡಲು ಮೈ, ಹೊತ್ತು, ಊಟ ಮೂರೂ ಸಿಕ್ಕಿದೆ. ಜೊಂಗ್ಜೊ ಕಾಲದಲ್ಲೂ ವಿದ್ಯೆ ಉಳಿದದ್ದು ದೊರೆಯ ಸಂಬಳದಿಂದಲೇ.

ಇಲ್ಲಿಯ ಮಾತು

ಭಾರತದ ಹುಡುಗಿಯರೂ ಈ ವರಸೆಯಲ್ಲಿ ಹಿಂದೆ ಬಿದ್ದಿಲ್ಲ. ಅರುಣಾಚಲ ಪ್ರದೇಶದ ರೂಪಾ ಬಯೋರ್ 2024ರಲ್ಲಿ ವಿಯೆಟ್ನಾಮಿನಲ್ಲಿ ನಡೆದ ಏಷ್ಯನ್ ಪೂಮ್ಸೆ ಚಾಂಪಿಯನ್‌ಷಿಪ್‌ನಲ್ಲಿ ಕಂಚು ತಂದಳು. ಹಾಗಾಗಿ ಇಲ್ಲಿನ ಮಕ್ಕಳಿಗೆ ದಾರಿ ಇದೆ.

ಆದರೆ ಫೀಜು ಕಟ್ಟುವ ಮುಂಚೆ ಒಂದೆರಡು ವಿಷಯ ತಿಳಿದಿರಲಿ. ಕುಕ್ಕಿವೊನ್‌ನ ಕಪ್ಪುಬೆಲ್ಟು ಪರೀಕ್ಷೆಯಲ್ಲಿ ವರಸೆ, ಹೋರಾಟ, ಹಲಗೆ ಒಡೆಯುವುದು ಇವೆ. ಕತ್ತಿ, ದೊಣ್ಣೆ ಇಲ್ಲ. ಟೇಕ್ವಾಂಡೊ ಕ್ಲಾಸಿನಲ್ಲಿ ಸರಪಳಿ ಹಾಕಿದ ಜೋಡಿಕೋಲು ತಿರುಗಿಸಲು ಕಲಿಸಿದರೆ ಅದು ಮೋಸ ಅಂತಲ್ಲ, ಬೇರೆ ಕಡೆಯಿಂದ ತಂದು ಸೇರಿಸಿದ್ದು. ಎಲ್ಲಿಂದ, ಯಾರಿಂದ ಕಲಿತಿರಿ ಅಂತ ಕೇಳುವ ಹಕ್ಕು ದುಡ್ಡು ಕೊಡುವವನಿಗಿದೆ. ಜಪಾನಿಗೆ ಹೋಗಿ ಕಲಿತ ಕಿಮ್ ಚೆ-ಗೊನ್ ಹೆಸರನ್ನು ಕೊರಿಯದ ದೊರೆಯೇ ಪುಸ್ತಕದಲ್ಲಿ ಬರೆಸಿದ. ಇಲ್ಲಿನ ಮಾಸ್ತರಿಗೂ ತನ್ನ ಗುರುವಿನ ಹೆಸರು ಹೇಳಲು ಸಂಕೋಚ ಬೇಕಿಲ್ಲ.

ಇನ್ನೊಂದು. ಮಗು ಎಷ್ಟು ವರಸೆ ಕಲಿತಿದೆ, ಎಷ್ಟು ಬೆಲ್ಟು ಆಯಿತು ಅಂತ ಲೆಕ್ಕ ಹಾಕುವ ಬದಲು, ಒಂದು ಸಂಜೆ ಕ್ಲಾಸಿನ ಮೂಲೆಯಲ್ಲಿ ನಿಂತು ನೋಡಿ. ಮಾಸ್ತರು ಮಗುವನ್ನು ಅರ್ಧದಲ್ಲಿ ನಿಲ್ಲಿಸುತ್ತಾರಾ? ನಿಲ್ಲಿಸಿ ಮೊಣಕಾಲು, ಸೊಂಟ, ಕಣ್ಣು ತಿದ್ದುತ್ತಾರಾ? ತಿದ್ದಿ ಮತ್ತೆ ಅದೇ ಎರಡು ಹೆಜ್ಜೆ ಮಾಡಿಸುತ್ತಾರಾ? ಮಾಡಿಸಿದರೆ ಕೊಟ್ಟ ಫೀಜು ಸಾರ್ಥಕ, ಬೆಲ್ಟು ತಡವಾಗಿ ಬಂದರೂ ಚಿಂತೆಯಿಲ್ಲ. ಶುರುವಿನಿಂದ ಕೊನೆವರೆಗೆ ಓಡಿಸಿ, ಚಪ್ಪಾಳೆ ತಟ್ಟಿ, ಮುಂದಿನ ಬೆಲ್ಟಿನ ರಶೀದಿ ಹರಿದುಕೊಟ್ಟರೆ ಅಲ್ಲಿಂದ ಮಗು ಮನೆಗೆ ತರುವುದು ಬರೀ ಚಿತ್ರ.